ಪರದೇಶದ ಗೇರುಬೀಜ: ಮೊದಲ ಕಂಟೇನರು ತರಿಸುವವರಿಗೆ

ನಮ್ಮ ಕಡೆಯ ಗೇರುಮರಗಳು ಫಲ ಕೊಡುವುದು ವರ್ಷದಲ್ಲಿ ಮೂರು ತಿಂಗಳು ಮಾತ್ರ. ಕುಂಭಮಾಸದಲ್ಲಿ ಆರಂಭವಾದ ಬೀಜದ ಹಂಗಾಮು ಪತ್ತನಾಜೆಯ ಹೊತ್ತಿಗೆ ಮುಗಿದುಹೋಗುತ್ತದೆ. ಆ ಮೇಲೆ ಬೀಜ ಒಡೆಯುವ ಸಣ್ಣ ಕಾರ್ಖಾನೆಯ ಬಾಯ್ಲರು ತಣ್ಣಗಾಗುತ್ತದೆ. ಬೀಜ ಕತ್ತರಿಸುತ್ತಿದ್ದ ಹೆಂಗಸರು ಬೀಡಿ ಕಟ್ಟಲೋ ತೋಟದ ಕೂಲಿಗೋ ಹೋಗುತ್ತಾರೆ. ಬ್ಯಾಂಕಿನ ಬಡ್ಡಿ ಮಾತ್ರ ಹನ್ನೆರಡು ತಿಂಗಳೂ ಕೆಲಸ ಮಾಡುತ್ತಿರುತ್ತದೆ. ಹೀಗಿರುವುದರಿಂದ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಲ್ಲಿ ನಾಲ್ಕಾರು ಮನೆಯವರು ಕೂಡಿ ಸಣ್ಣ ಕಾರ್ಖಾನೆ ನಡೆಸುವಲ್ಲಿ, ಅಥವಾ ನಡೆಸಬೇಕೆಂದಿರುವಲ್ಲಿ, ಒಂದು ಪ್ರಶ್ನೆ ಏಳುವುದು ಸಹಜ: ಆಫ್ರಿಕದ ಬೀಜವನ್ನು ನಾವೇ ನೇರವಾಗಿ ಒಂದು ಕಂಟೇನರು ತರಿಸಿದರೆ ಹೇಗೆ?

ತರಿಸಬಹುದು. ಅದರಲ್ಲಿ ಮಾಯಾಮಂತ್ರವೇನೂ ಇಲ್ಲ. ಆದರೆ ಈ ವ್ಯಾಪಾರದ ಕ್ರಮ ನಮ್ಮ ಅಡಿಕೆ, ಮೆಣಸಿನ ವ್ಯಾಪಾರದ ಕ್ರಮವಲ್ಲ. ಮಂಡಿಯಲ್ಲಿ ನಾವು ಮೂಟೆ ಬಿಚ್ಚಿ, ಕೈಯಲ್ಲಿ ಹಿಡಿದು, ಹಲ್ಲಿನಲ್ಲಿ ಕಚ್ಚಿ ನೋಡಿ ಹಣ ಕೊಡುತ್ತೇವೆ. ಕಂಟೇನರಿನ ವ್ಯಾಪಾರದಲ್ಲಿ ಹಣ ಹೋಗುವುದು ಕಾಗದ ನೋಡಿ. ಮಾಲು ಕಣ್ಣಿಗೆ ಬೀಳುವುದು ತಿಂಗಳ ನಂತರ. ಆದುದರಿಂದ ಲಾಭನಷ್ಟ ನಿಶ್ಚಯವಾಗುವುದು ಪಣಂಬೂರಿನಲ್ಲಲ್ಲ, ಅಲ್ಲಿ ಆಫ್ರಿಕದಲ್ಲಿ ಪೆಟ್ಟಿಗೆಯ ಬಾಗಿಲಿಗೆ ಮುದ್ರೆ ಬೀಳುವುದಕ್ಕಿಂತ ಮುಂಚೆ. ಈ ಒಂದು ಮಾತನ್ನು ಹಿಡಿದುಕೊಂಡು ನಾವು ಇಂದಿನ ಪಾಠವನ್ನು ಹೇಳಬೇಕೆಂದಿದ್ದೇವೆ. ಚಿನ್ನ ಅಡವಿಟ್ಟು ಹಣ ಕೂಡಿಸುವವರು ಮೊದಲು ಓದಿಕೊಳ್ಳಲಿ.

ಹೊರಗಿನ ಬೀಜ ತಂದರೆ ನಮ್ಮ ಬೆಳೆಗಾರನಿಗೆ ಅನ್ಯಾಯವಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದುದೇ. ಆದರೆ ಭಾರತದ ಕಾರ್ಖಾನೆಗಳು ಒಡೆಯುವ ಬೀಜದಲ್ಲಿ ಸುಮಾರು ಅರ್ಧಪಾಲು, ಕೆಲವು ವರ್ಷ ಅದಕ್ಕೂ ಹೆಚ್ಚು, ಹಿಂದಿನಿಂದಲೂ ಹೊರಗಿನಿಂದಲೇ ಬರುತ್ತಿದೆ. 1970ರಲ್ಲಿ ಈ ಆಮದಿಗೆಂದೇ ಸರ್ಕಾರ ಕ್ಯಾಶ್ಯೂ ಕಾರ್ಪೊರೇಷನ್ ಆಫ್ ಇಂಡಿಯಾ ಎಂಬ ಸಂಸ್ಥೆಯನ್ನು ಸ್ಥಾಪಿಸಿತ್ತು. ಆಗ ಖಾಸಗಿಯವರು ತಾವಾಗಿ ತರುವಂತಿರಲಿಲ್ಲ. ಈಗ ಯಾರು ಬೇಕಾದರೂ ತರಬಹುದು. ನಮ್ಮ ಅಭಿಪ್ರಾಯ ಇಷ್ಟೆ: ಹಂಗಾಮಿನಲ್ಲಿ ಊರಿನ ಬೀಜವನ್ನು ನ್ಯಾಯವಾದ ಕ್ರಯಕ್ಕೆ ಕೊಂಡು, ಬರಿದಾದ ತಿಂಗಳುಗಳಿಗೆ ಮಾತ್ರ ಹೊರಗಿನದನ್ನು ತರುವ ಕಾರ್ಖಾನೆ ಊರಿಗೆ ಉಪಕಾರಿ. ಹಂಗಾಮಿನ ನಡುವೆಯೇ ಹೊರಗಿನ ಬೀಜವನ್ನು ತೋರಿಸಿ ನೆರೆಮನೆಯವನ ಕ್ರಯವನ್ನು ಮುರಿಯುವ ಕಾರ್ಖಾನೆಯ ಸಂಗತಿ ಬೇರೆ.

ಇನ್ನು ಕಂಟೇನರು ಎಂದರೇನೆಂದು ನೋಡೋಣ. ಹೆದ್ದಾರಿಯಲ್ಲಿ ಉದ್ದ ಲಾರಿಗಳ ಮೇಲೆ ಹೋಗುವ ಕಬ್ಬಿಣದ ಪೆಟ್ಟಿಗೆಗಳನ್ನು ನೀವೆಲ್ಲ ನೋಡಿದ್ದೀರಿ. 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಂ ಮೆಕ್ಲೀನ್ ಎಂಬ ಲಾರಿ ಧಣಿ ಇಂಥ 58 ಪೆಟ್ಟಿಗೆಗಳನ್ನು 'ಐಡಿಯಲ್ ಎಕ್ಸ್' ಎಂಬ ಹಡಗಿನಲ್ಲಿ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದನು. ಅದಕ್ಕಿಂತ ಮೊದಲು ಒಂದೊಂದು ಮೂಟೆಯನ್ನೂ ಆಳುಗಳು ಹೊತ್ತು ಹಡಗಿಗೆ ಏರಿಸಿ ಇಳಿಸಬೇಕಾಗಿತ್ತು. ಇಪ್ಪತ್ತು ಅಡಿಯ ಪೆಟ್ಟಿಗೆಯ ಒಳಗೆ ಉದ್ದ ಹತ್ತೊಂಬತ್ತು ಅಡಿಗಿಂತ ಸ್ವಲ್ಪ ಹೆಚ್ಚು, ಅಗಲವೂ ಎತ್ತರವೂ ಎಂಟು ಅಡಿಗೆ ಸ್ವಲ್ಪ ಕಡಿಮೆ. ಗೇರುಬೀಜವಾದರೆ 80 ಕಿಲೋದ ಗೋಣಿ ಸುಮಾರು ಇನ್ನೂರು, ಅಂದರೆ 16 ಟನ್ನು ಹಿಡಿಯುತ್ತದೆ. ಪ್ರತಿ ಪೆಟ್ಟಿಗೆಗೂ ನಾಲ್ಕು ಅಕ್ಷರ, ಏಳು ಅಂಕೆಗಳ ಒಂದು ನಂಬರು ಇರುತ್ತದೆ. ಬಾಗಿಲಿಗೆ ಹಾಕುವ ಕಬ್ಬಿಣದ ಮುದ್ರೆಗೂ ಬೇರೆ ನಂಬರು ಇರುತ್ತದೆ. ಈ ಎರಡು ನಂಬರುಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ, ಅಷ್ಟು ಮುಖ್ಯ.

ಹಣದ ಪ್ರಮಾಣ ತಿಳಿಯಲು ಒಂದು ಲೆಕ್ಕ ಹಾಕೋಣ. ಟನ್ನಿಗೆ 1,200 ಡಾಲರು, ಡಾಲರಿಗೆ 90 ರೂಪಾಯಿ ಎಂದು ಹಿಡಿಯೋಣ. ಇದು ಲೆಕ್ಕದ ಅನುಕೂಲಕ್ಕೆ ಹಿಡಿದ ದರವೇ ಹೊರತು ಪೇಟೆಯ ದರವೆಂದು ಯಾರೂ ತಿಳಿಯಬಾರದು. 16 ಟನ್ನಿಗೆ 19,200 ಡಾಲರು, ಅಂದರೆ 17,28,000 ರೂಪಾಯಿ. ಕಿಲೋಗೆ 108 ರೂಪಾಯಿ ಬಿತ್ತು. ಕರಾರು ಮಾಡಿದ ದಿನಕ್ಕೂ ಹಣ ಕಟ್ಟುವ ದಿನಕ್ಕೂ ನಡುವೆ ಡಾಲರು ಎರಡು ರೂಪಾಯಿ ಏರಿದರೆ 38,400 ರೂಪಾಯಿ ಹೆಚ್ಚು ಕೊಡಬೇಕಾಯಿತು. ಇದನ್ನು ತಪ್ಪಿಸಲು ಡಾಲರಿನ ದರವನ್ನು ಮುಂಚಿತವಾಗಿ ನಿಶ್ಚಯಿಸಿಕೊಡುವ ಏರ್ಪಾಡು ಬ್ಯಾಂಕಿನಲ್ಲಿದೆ; ಫಾರ್ವರ್ಡ್ ಎನ್ನುತ್ತಾರೆ. ಅದರ ಖರ್ಚನ್ನೂ ಕೇಳಿಕೊಳ್ಳಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಗೇರುಬೀಜದ ಲೋಕವ್ಯಾಪಾರದಲ್ಲಿ ಕ್ರಯ ನಿಶ್ಚಯವಾಗುವುದು ಬೀಜದ ತೂಕದ ಮೇಲಲ್ಲ, ಒಳಗಿನ ತಿರುಳಿನ ಮೇಲೆ. 80 ಕಿಲೋದ ಒಂದು ಗೋಣಿ ಬೀಜ ಒಡೆದರೆ ಎಷ್ಟು ಪೌಂಡು ಉಪಯೋಗಕ್ಕೆ ಬರುವ ತಿರುಳು ಸಿಗುತ್ತದೆ ಎಂಬುದೇ ಅಳತೆ. ಇದಕ್ಕೆ ಔಟ್‌ಟರ್ನ್ ಎಂದು ಹೆಸರು. ವ್ಯಾಪಾರಿಗಳು ಬಾಯಿಮಾತಿನಲ್ಲಿ "ನಲ್ವತ್ತೆಂಟರ ಮಾಲು", "ಐವತ್ತರ ಮಾಲು" ಎನ್ನುವುದು ಇದನ್ನೇ. ಗಿನಿ ಬಿಸ್ಸಾವ್ ದೇಶದ ಬೀಜಕ್ಕೂ ಪೂರ್ವದ ತಾಂಜಾನಿಯದ ಬೀಜಕ್ಕೂ ಸಾಮಾನ್ಯವಾಗಿ ಹೆಚ್ಚು ಔಟ್‌ಟರ್ನ್ ಇರುತ್ತದೆ. ಐವರಿ ಕೋಸ್ಟ್, ಘಾನಾ, ನೈಜೀರಿಯಗಳ ಬೀಜಕ್ಕೆ ಅದಕ್ಕಿಂತ ಕಡಿಮೆ. ಆದರೆ ದೇಶದ ಹೆಸರು ನಂಬಿ ಕೊಳ್ಳಬಾರದು. ಒಂದೇ ದೇಶದಲ್ಲಿ, ಒಂದೇ ಹಂಗಾಮಿನಲ್ಲಿ, ಮೊದಲ ಬೀಜಕ್ಕೂ ಮಳೆಗೆ ಸಿಕ್ಕಿದ ಕೊನೆಯ ಬೀಜಕ್ಕೂ ಅಜಗಜಾಂತರವಿರುತ್ತದೆ. ನಮ್ಮ ಗುಡ್ಡೆಯ ಬೀಜದಲ್ಲಿಯೂ ಹಾಗೆಯೇ ಅಲ್ಲವೇ?

ಔಟ್‌ಟರ್ನನ್ನು ಮನೆಯಂಗಳದಲ್ಲಿಯೇ ಅಳೆಯಬಹುದು. ಪ್ರತಿಯೊಬ್ಬ ಪಾಲುದಾರನೂ ಇದನ್ನು ಕಲಿತಿರಬೇಕೆಂಬುದು ನಮ್ಮ ಹಟ. ಹತ್ತಾರು ಗೋಣಿಗಳಿಂದ ಒಂದೊಂದು ಹಿಡಿ ಬೀಜ ತೆಗೆದು ಚೆನ್ನಾಗಿ ಬೆರಸಿ, ಅದರಿಂದ ಸರಿಯಾಗಿ ಒಂದು ಕಿಲೋ ತೂಗಿಕೊಳ್ಳಿ. ಮೊದಲು ಬೀಜಗಳನ್ನು ಎಣಿಸಿ. ಕಿಲೋಗೆ 180ರಿಂದ 200 ಬಂದರೆ ಬೀಜ ದಪ್ಪ. 220ಕ್ಕಿಂತ ಮೇಲೆ ಹೋದರೆ ಸಣ್ಣದು, ದೊಡ್ಡ ದರ್ಜೆಯ ಇಡೀ ತಿರುಳು ಕಡಿಮೆ ಬೀಳುತ್ತದೆ. ಆ ಮೇಲೆ ಕೈಗೆ ತೆಂಗಿನೆಣ್ಣೆ ಸವರಿಕೊಂಡು ಒಂದೊಂದನ್ನೂ ಉದ್ದಕ್ಕೆ ಸೀಳಬೇಕು. ಗೇರಿನ ಸೊನೆ ಚರ್ಮವನ್ನು ಸುಡುತ್ತದೆ ಎಂಬುದನ್ನು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಸೀಳಿದ ತಿರುಳನ್ನು ಮೂರು ಪಾಲು ಮಾಡಿ. ಬಿಳಿಯಾಗಿ ತುಂಬಿಕೊಂಡಿರುವುದು ಒಂದು. ಚುಕ್ಕೆ ಬಿದ್ದದ್ದು, ಬಲಿಯದೆ ಸುಕ್ಕುಗಟ್ಟಿದ್ದು ಎರಡನೆಯದು. ಕೊಳೆತದ್ದು, ಮುಗ್ಗಿದ್ದು, ಎಣ್ಣೆ ಬಿಟ್ಟದ್ದು, ಜೊಳ್ಳು ಮೂರನೆಯದು. ಮೊದಲ ಪಾಲನ್ನು ಕಂದು ಸಿಪ್ಪೆಯ ಸಮೇತ ಗ್ರಾಮಿನಲ್ಲಿ ತೂಗಿ, ಎರಡನೆಯದರ ತೂಕದಲ್ಲಿ ಅರ್ಧ ಮಾತ್ರ ಕೂಡಿಸಿ, ಮೂರನೆಯದನ್ನು ಬಿಟ್ಟುಬಿಡಿ. ಬಂದ ಮೊತ್ತವನ್ನು 5.67ರಿಂದ ಭಾಗಿಸಿದರೆ ಔಟ್‌ಟರ್ನ್ ಪೌಂಡಿನಲ್ಲಿ ಬರುತ್ತದೆ. ಒಳ್ಳೆಯ ತಿರುಳು 255 ಗ್ರಾಂ, ಚುಕ್ಕೆಯದು 30 ಗ್ರಾಂ ಆದರೆ 255ಕ್ಕೆ 15 ಸೇರಿಸಿ 270, ಭಾಗಿಸಿದರೆ 47.6 ಪೌಂಡು. ಇಷ್ಟೇ ವಿದ್ಯೆ. ಮೊದಲು ನಿಮ್ಮ ಸ್ವಂತ ಮರದ ಬೀಜದಲ್ಲಿ ಐದಾರು ಸಲ ಮಾಡಿ ಕೈ ಪಳಗಿಸಿಕೊಳ್ಳಿ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಕೇಂದ್ರ ಸರ್ಕಾರದ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ಬೀಜದ ಗುಣದ ಬಗ್ಗೆ ಸಂಶಯವಿದ್ದವರು ಅಲ್ಲಿಗೆ ಹೋಗಿ ವಿಚಾರಿಸಬಹುದು.

ಈ ಪೌಂಡಿನ ಬೆಲೆ ಎಷ್ಟೆಂದು ನೋಡಿ. 48ರ ಮಾಲೆಂದು ಕೊಂಡದ್ದು 44 ಆಯಿತೆನ್ನೋಣ. ಇನ್ನೂರು ಗೋಣಿಗೆ ನಾಲ್ಕು ಪೌಂಡಿನಂತೆ 800 ಪೌಂಡು, ಅಂದರೆ 363 ಕಿಲೋ ತಿರುಳು ಕಡಿಮೆ. ಒಣಗಿಸಿ ಸಿಪ್ಪೆ ಸುಲಿದ ಮೇಲೆ ಮುನ್ನೂರು ಕಿಲೋ ಎಂದು ಹಿಡಿದು, ಕಿಲೋಗೆ 600 ರೂಪಾಯಿಯಂತೆ ಹಾಕಿದರೂ 1,80,000 ರೂಪಾಯಿ ಹೋಯಿತು. ಸಣ್ಣ ಕಾರ್ಖಾನೆಗೆ ಒಂದು ಕಂಟೇನರಿನಲ್ಲಿ ಉಳಿಯುವ ಲಾಭವೇ ಅಷ್ಟಿರಲಿಕ್ಕಿಲ್ಲ.

ಎರಡನೆಯ ಕಳ್ಳ ನೀರು. ಬೀಜದ ತೇವ ಶೇಕಡಾ 8ರಿಂದ 10ರೊಳಗೆ ಇರಬೇಕು. 12ರ ತೇವದಲ್ಲಿ 16 ಟನ್ನು ತುಂಬಿಸಿ, ಇಲ್ಲಿ ಬಿಸಿಲಿಗೆ ಹಾಕಿ 8ಕ್ಕೆ ಇಳಿಸಿದರೆ ಸುಮಾರು 700 ಕಿಲೋ ಆವಿಯಾಗಿ ಹೋಗುತ್ತದೆ. ಕಿಲೋಗೆ 108ರಂತೆ 75,600 ರೂಪಾಯಿಯ ನೀರನ್ನು ಸಮುದ್ರ ದಾಟಿಸಿ ತಂದಂತಾಯಿತು. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಮುಚ್ಚಿದ ಕಬ್ಬಿಣದ ಪೆಟ್ಟಿಗೆ ಹಗಲು ಕಾಯುತ್ತದೆ, ರಾತ್ರಿ ತಣಿಯುತ್ತದೆ. ಬೀಜದಿಂದ ಎದ್ದ ಆವಿ ಮೇಲಿನ ತಗಡಿಗೆ ತಾಗಿ, ಗಂಜಿಯ ಪಾತ್ರೆಯ ಮುಚ್ಚಳದಿಂದ ನೀರು ತೊಟ್ಟಿಕ್ಕುವಂತೆ, ಹನಿಯಾಗಿ ಗೋಣಿಗಳ ಮೇಲೆ ಸುರಿಯುತ್ತದೆ. ಹಡಗಿನವರು ಇದಕ್ಕೆ ಕಂಟೇನರಿನ ಮಳೆ ಎನ್ನುತ್ತಾರೆ. ಮೇಲಿನ ಸಾಲಿನ ಗೋಣಿಗಳು ಮುಗ್ಗಿ, ಬೂಸಲು ಹಿಡಿದು ಬರುವುದು ಹೀಗೆ. ಆದುದರಿಂದ ಪೆಟ್ಟಿಗೆಯ ಗೋಡೆಗೂ ಮೇಲ್ಛಾವಣಿಗೂ ಒಳಗಿನಿಂದ ದಪ್ಪ ಕಾಗದ ಹೊದೆಸಬೇಕು, ತೇವ ಹೀರುವ ಚೀಲಗಳನ್ನು ತೂಗುಹಾಕಬೇಕು. ತುಂಬಿಸುವ ಮುಂಚೆ ಒಬ್ಬನು ಖಾಲಿ ಪೆಟ್ಟಿಗೆಯೊಳಗೆ ನಿಂತು ಬಾಗಿಲು ಹಾಕಿಸಿ, ಎಲ್ಲಿಂದಾದರೂ ಬೆಳಕು ನುಸುಳುತ್ತದೆಯೇ ಎಂದು ನೋಡಬೇಕು. ಬೆಳಕು ಬಂದಲ್ಲಿ ಸಮುದ್ರದ ನೀರೂ ಬರುತ್ತದೆ.

ಇವೆಲ್ಲ ಆಗುವುದು ಐದಾರು ಸಾವಿರ ಮೈಲಿಯ ಆಚೆ. ನಾವು ಇಲ್ಲಿಂದ ನೋಡಿಕೊಳ್ಳುವುದು ಹೇಗೆ? ಕರಾರಿನ ಮೂಲಕ. ಕರಾರಿನಲ್ಲಿ ಔಟ್‌ಟರ್ನ್ ಎಷ್ಟು, ಕಿಲೋಗೆ ಬೀಜ ಎಷ್ಟು, ತೇವ ಎಷ್ಟಕ್ಕೆ ಮೀರಕೂಡದು ಎಂಬುದನ್ನು ಅಂಕೆಯಲ್ಲಿ ಬರೆಸಬೇಕು. 'ಒಳ್ಳೆಯ ಜಾತಿಯ ಬೀಜ' ಎಂಬ ಮಾತಿಗೆ ಕಾಸಿನ ಬೆಲೆ ಇಲ್ಲ. ಔಟ್‌ಟರ್ನ್ ಒಂದು ಪೌಂಡು ಕಡಿಮೆಯಾದರೆ ಕ್ರಯದಲ್ಲಿ ಎಷ್ಟು ಮುರಿಯಬೇಕು, ಎಷ್ಟಕ್ಕಿಂತ ಕೆಳಗಿಳಿದರೆ ಮಾಲನ್ನೇ ತಿರಸ್ಕರಿಸಬಹುದು, ಇವೂ ಇರಬೇಕು. ಎಲ್ಲಕ್ಕಿಂತ ಮೇಲಾಗಿ ಕೊನೆಯ ತೂಕ, ಕೊನೆಯ ಪರೀಕ್ಷೆ ಎಲ್ಲಿ ಎಂಬುದನ್ನು ಕಾಣಿಸಬೇಕು. ಮಾರುವವನು ತುಂಬಿಸಿದ ಊರಿನಲ್ಲಿ ಎಂದು ಬರೆಯಲು ಬಯಸುತ್ತಾನೆ. ಕೊಳ್ಳುವವನು ಇಳಿಸಿದ ಊರಿನಲ್ಲಿ ಎಂದು ಕೇಳಬೇಕು. ಅದಕ್ಕೆ ಒಪ್ಪದಿದ್ದರೆ, ತುಂಬಿಸುವಲ್ಲಿ ಎರಡು ಕಡೆಯವರೂ ನಂಬುವ ತನಿಖಾ ಸಂಸ್ಥೆಯವರು ಗೋಣಿ ಬಿಚ್ಚಿ, ಬೀಜ ಸೀಳಿ, ತೇವ ಅಳೆದು, ತಮ್ಮ ಕಣ್ಣೆದುರಿಗೇ ಮುದ್ರೆ ಹಾಕಿಸಿ ಸರ್ಟಿಫಿಕೇಟು ಕೊಡಬೇಕು. ಅದರ ಫೀಸನ್ನು ಉಳಿಸಲು ಹೋಗುವುದು ಕೊಳೆರೋಗಕ್ಕೆ ಮದ್ದು ಬಿಡದೆ ಅಡಿಕೆ ಎಣಿಸಲು ಕುಳಿತಂತೆ.

ಹಣ ಕೊಡುವ ಕ್ರಮದಲ್ಲಿ ಎರಡು ದಾರಿ. ಮುಂಗಡ ಕಳುಹಿಸುವುದು ಒಂದು. ಗುರುತು ಪರಿಚಯವಿಲ್ಲದವನಿಗೆ, ಫೋನಿನಲ್ಲಿ ಒಳ್ಳೆಯ ಮಾತಾಡಿದ ಎಂಬ ಕಾರಣಕ್ಕೆ ಮುಂಗಡ ಕಳುಹಿಸಕೂಡದು. ಪೇಟೆಗಿಂತ ಬಹಳ ಅಗ್ಗಕ್ಕೆ ಕೊಡುತ್ತೇನೆ ಎಂದವನಿಗಂತೂ ಬೇಡವೇ ಬೇಡ. "ನಮ್ಮ ಬ್ಯಾಂಕಿನ ಖಾತೆ ಬದಲಾಗಿದೆ, ಹೊಸ ಖಾತೆಗೆ ಹಾಕಿ" ಎಂದು ಈ-ಮೇಲ್ ಬಂದರೆ, ಮೊದಲಿನಿಂದ ಗೊತ್ತಿರುವ ನಂಬರಿಗೆ ಫೋನು ಮಾಡಿ, ಪರಿಚಯದ ದನಿ ಕೇಳದೆ ಒಂದು ಕಾಸೂ ಕಳುಹಿಸಬೇಡಿ. ಮಾರುವವನ ಹೆಸರಿನಲ್ಲಿ ನಡುವೆ ಯಾರೋ ಬರೆಯುವ ಮೋಸ ಈಗ ಲೋಕದಲ್ಲೆಲ್ಲ ಸಾಮಾನ್ಯವಾಗಿದೆ.

ಇನ್ನೊಂದು ದಾರಿ ಲೆಟರ್ ಆಫ್ ಕ್ರೆಡಿಟ್, ಅಥವಾ ಎಲ್.ಸಿ. ಇದರಲ್ಲಿ ನಮ್ಮ ಬ್ಯಾಂಕು ಮಾರುವವನಿಗೆ ಒಂದು ಮಾತು ಕೊಡುತ್ತದೆ: ಇಂತಿಂಥ ಕಾಗದಗಳನ್ನು ಇಂಥ ದಿನದೊಳಗೆ ಒಪ್ಪಿಸಿದರೆ ಹಣ ಕೊಡುತ್ತೇವೆ ಎಂದು. ಬ್ಯಾಂಕು ಇದಕ್ಕಾಗಿ ನಮ್ಮಿಂದ ಠೇವಣಿಯನ್ನೋ ಜಾಮೀನನ್ನೋ ಪಡೆಯುತ್ತದೆ. ಲೋಕದ ಬ್ಯಾಂಕುಗಳೆಲ್ಲ ಈ ಕೆಲಸಕ್ಕೆ ಒಪ್ಪಿಕೊಂಡ ನಿಯಮಾವಳಿ 2007ರ ಜುಲೈ 1ರಿಂದ ಜಾರಿಯಲ್ಲಿದೆ; ಯು.ಸಿ.ಪಿ. 600 ಎಂದು ಅದರ ಹೆಸರು. ಅದರಲ್ಲಿ ನಮ್ಮ ರೈತರು ತಿಳಿಯತಕ್ಕ ಸಂಗತಿ ಒಂದೇ: ಬ್ಯಾಂಕು ನೋಡುವುದು ಕಾಗದವನ್ನು, ಮಾಲನ್ನಲ್ಲ. ಗೋಣಿಯಲ್ಲಿ ಬೀಜದ ಬದಲು ಮುರಕಲ್ಲು ತುಂಬಿದ್ದರೂ ಕಾಗದ ಸರಿಯಾಗಿದ್ದರೆ ಬ್ಯಾಂಕು ಹಣ ಕೊಡಲೇಬೇಕು. ಎಲ್.ಸಿ. ಇದೆಯೆಂದು ನಿದ್ದೆ ಮಾಡುವವರು ಇದನ್ನು ಮರೆಯುತ್ತಾರೆ. ಆದುದರಿಂದ ಎಲ್.ಸಿ.ಯಲ್ಲಿ ಕೇಳುವ ಕಾಗದಗಳ ಪಟ್ಟಿಯಲ್ಲಿಯೇ ನಮ್ಮ ರಕ್ಷಣೆ ಇದೆ. ತನಿಖಾ ಸಂಸ್ಥೆಯ ಸರ್ಟಿಫಿಕೇಟು, ಅದರಲ್ಲಿ ಔಟ್‌ಟರ್ನ್ ಇಂತಿಷ್ಟಕ್ಕೆ ಕಡಿಮೆಯಿಲ್ಲ, ತೇವ ಇಂತಿಷ್ಟಕ್ಕೆ ಹೆಚ್ಚಿಲ್ಲ ಎಂಬ ಅಂಕೆ, ಇದನ್ನು ಪಟ್ಟಿಯಲ್ಲಿ ಸೇರಿಸಿದರೆ ಕಳಪೆ ಮಾಲು ತುಂಬಿದವನಿಗೆ ಹಣ ಸಿಗುವುದು ಕಷ್ಟವಾಗುತ್ತದೆ. ಹಡಗಿಗೆ ಏರಿಸುವ ಕೊನೆಯ ದಿನವನ್ನೂ ಸ್ಪಷ್ಟವಾಗಿ ಬರೆಸಿ. ಅದು ಏಕೆಂದು ಮುಂದೆ ಹೇಳುತ್ತೇವೆ.

ಕಾಗದಗಳಲ್ಲಿ ರಾಜನೆಂದರೆ ಬಿಲ್ ಆಫ್ ಲೇಡಿಂಗ್. ಮಾಲನ್ನು ಹಡಗಿಗೆ ಏರಿಸಿಕೊಂಡೆವು ಎಂದು ಹಡಗಿನ ಕಂಪನಿ ಕೊಡುವ ರಶೀದಿ ಇದು. ರಶೀದಿ ಮಾತ್ರವಲ್ಲ, ಮಾಲಿನ ಒಡೆತನದ ಪತ್ರವೂ ಹೌದು. ಸಾಮಾನ್ಯವಾಗಿ ಮೂರು ಮೂಲ ಪ್ರತಿಗಳಿರುತ್ತವೆ. ಅದರಲ್ಲಿ ಯಾವುದಾದರೊಂದನ್ನು ಬಂದರಿನಲ್ಲಿ ಒಪ್ಪಿಸಿದವನು ಪೆಟ್ಟಿಗೆ ಬಿಡಿಸಿಕೊಳ್ಳಬಹುದು, ಆಗ ಉಳಿದ ಎರಡು ಬರಿಯ ಕಾಗದ. ಆದುದರಿಂದ ಮೂರೂ ನಮ್ಮ ಬ್ಯಾಂಕಿಗೆ ಬರಬೇಕೆಂದು ಎಲ್.ಸಿ.ಯಲ್ಲಿ ಹೇಳಿಸಬೇಕು. 2022ರ ಮಾರ್ಚಿನಲ್ಲಿ ವಿಯೆಟ್ನಾಮಿನ ಗೇರು ವ್ಯಾಪಾರಿಗಳು ಇಟಲಿಗೆ ಸುಮಾರು ನೂರು ಕಂಟೇನರು ತಿರುಳು ಕಳುಹಿಸಿದ್ದರು. ಅವುಗಳಲ್ಲಿ ಮೂವತ್ತಕ್ಕೂ ಹೆಚ್ಚು ಪೆಟ್ಟಿಗೆಗಳ ಮೂಲ ಕಾಗದಗಳು ಹಾದಿಯಲ್ಲೇ ಕೈತಪ್ಪಿಹೋದುವು. ಪೆಟ್ಟಿಗೆಗಳು ಸಮುದ್ರದಲ್ಲಿರುವಾಗಲೇ ಅವುಗಳ ಒಡೆಯರು ಯಾರೆಂಬುದು ಅನುಮಾನಕ್ಕೆ ಬಿತ್ತು. ಸರ್ಕಾರಗಳು, ರಾಯಭಾರ ಕಚೇರಿಗಳು ನಡುವೆ ಬಂದು ತಡೆಹಿಡಿಸಬೇಕಾಯಿತು. ಅನುಭವಸ್ಥ ವ್ಯಾಪಾರಿಗಳಿಗೇ ಹೀಗಾಯಿತು. ಆ ಕಾಗದವನ್ನು ಜಮೀನಿನ ಪಟ್ಟೆಯಂತೆ ಕಾಣಬೇಕು.

ವಿಮೆಯ ವಿಷಯದಲ್ಲಿ ಒಂದು ಮಾತು. ಕ್ರಯದಲ್ಲಿ ಹಡಗಿನ ಬಾಡಿಗೆ ಸೇರಿದ್ದರೂ ವಿಮೆ ಸೇರಿರಬೇಕೆಂದಿಲ್ಲ. ಸೇರಿಲ್ಲದಿದ್ದರೆ ನಾವೇ ಮಾಡಿಸಬೇಕು, ಅದೂ ಹಡಗು ಹೊರಡುವ ಮುಂಚೆ. ಬೆವರಿ ಮುಗ್ಗಿದ್ದಕ್ಕೂ ಪರಿಹಾರ ಉಂಟೋ ಎಂದು ಪಾಲಿಸಿಯನ್ನು ಓದಿಸಿ ಕೇಳಿ.

ಸರ್ಕಾರದ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಇವು ಭಯಪಡುವಷ್ಟೇನೂ ಕಷ್ಟವಲ್ಲ. ತಂಡದ ಅಥವಾ ಕಂಪನಿಯ ಹೆಸರಿನಲ್ಲಿ ಆಮದು ರಫ್ತು ನಂಬರು, ಅಂದರೆ ಐ.ಇ.ಸಿ. ಬೇಕು. ವಿದೇಶ ವ್ಯಾಪಾರದ ಮಹಾನಿರ್ದೇಶನಾಲಯಕ್ಕೆ ಕಂಪ್ಯೂಟರಿನಲ್ಲಿಯೇ ಅರ್ಜಿ ಹಾಕಿದರೆ 500 ರೂಪಾಯಿ ಫೀಸಿಗೆ ಸಿಗುತ್ತದೆ. ಬೀಜ ಸಸ್ಯವಸ್ತುವಾದುದರಿಂದ 2003ರ ಸಸ್ಯ ಕ್ವಾರಂಟೈನ್ ಆಜ್ಞೆಗೆ ಒಳಪಡುತ್ತದೆ. ಕಳುಹಿಸುವ ದೇಶದ ಸರ್ಕಾರ ಕೊಟ್ಟ ಫೈಟೋಸ್ಯಾನಿಟರಿ ಸರ್ಟಿಫಿಕೇಟು, ಹುಳು ಕೊಲ್ಲುವ ಹೊಗೆ ಹಾಕಿದ ಸರ್ಟಿಫಿಕೇಟು ಇವು ಪೆಟ್ಟಿಗೆಯ ಕಾಗದಗಳ ಜೊತೆ ಇರಲೇಬೇಕು. ಯಾವ ಔಷಧಿಯ ಹೊಗೆ, ಎಷ್ಟು ಹೊತ್ತು ಎಂಬುದನ್ನೂ ಮುಂಚಿತವಾಗಿ ಯಾವ ಪರವಾನಿಗೆ ಬೇಕೆಂಬುದನ್ನೂ ಕರಾರಿಗೆ ರುಜು ಹಾಕುವ ಮೊದಲೇ ಮಂಗಳೂರಿನ ಕಸ್ಟಮ್ಸ್ ಬ್ರೋಕರರ ಮೂಲಕ ಕೇಳಿ ಬರೆದುಕೊಳ್ಳಿ. ಪೆಟ್ಟಿಗೆ ಬಂದ ಮೇಲೆ ಕೇಳಿದರೆ ಉತ್ತರಕ್ಕೆ ದಿನವೊಂದಕ್ಕೆ ಬಾಡಿಗೆ ಕಟ್ಟಬೇಕಾಗುತ್ತದೆ.

ಸುಂಕದಲ್ಲಿ ಒಂದು ವಿಶೇಷ ಉಂಟು. ಕಚ್ಚಾ ಗೇರುಬೀಜದ ಸುಂಕವನ್ನು 2018ರ ಬಜೆಟ್ಟಿನಲ್ಲಿ ಶೇಕಡಾ 5ರಿಂದ 2.5ಕ್ಕೆ ಇಳಿಸಿದರು, ಅದರ ಮೇಲೆ ಸುಂಕದ ಹತ್ತರಲ್ಲೊಂದು ಪಾಲು ಸಮಾಜ ಕಲ್ಯಾಣದ ಅಧಿಭಾರ. ನಮ್ಮ ಲೆಕ್ಕದ 17,28,000 ರೂಪಾಯಿಯ ಮಾಲಿಗೆ ಎರಡೂ ಸೇರಿ 47,520 ರೂಪಾಯಿ ಆಗುತ್ತದೆ. ಆದರೆ ಅತಿ ಹಿಂದುಳಿದ ದೇಶಗಳಿಗೆ ಭಾರತ 2008ರಲ್ಲಿ ಪ್ರಕಟಿಸಿದ ಸುಂಕ ವಿನಾಯಿತಿಯಲ್ಲಿ ಗೇರುಬೀಜವೂ ಸೇರಿದೆ. ತಾಂಜಾನಿಯ, ಮೊಜಾಂಬಿಕ್, ಗಿನಿ ಬಿಸ್ಸಾವ್ ಆ ಪಟ್ಟಿಯ ದೇಶಗಳು; ಐವರಿ ಕೋಸ್ಟ್, ಘಾನಾ ಅಲ್ಲ. ವಿನಾಯಿತಿ ಬೇಕಾದರೆ ಆ ದೇಶದಲ್ಲೇ ಬೆಳೆದ ಬೀಜವೆಂಬ ಮೂಲದ ಸರ್ಟಿಫಿಕೇಟು ತಪ್ಪಿಲ್ಲದೆ ಇರಬೇಕು. ಇದಲ್ಲದೆ ಶೇಕಡಾ 5 ಐ.ಜಿ.ಎಸ್.ಟಿ. ಕಟ್ಟಬೇಕು, ಅದನ್ನು ತಿರುಳು ಮಾರುವಾಗ ಮುರಿದುಕೊಳ್ಳಬಹುದು. ದರಗಳು ಬದಲಾಗುತ್ತಿರುತ್ತವೆ, ಪ್ರತಿ ಫೆಬ್ರವರಿ ಕಳೆದ ಮೇಲೆ ಹೊಸದಾಗಿ ವಿಚಾರಿಸತಕ್ಕದ್ದು.

ಅಲ್ಲಿಯ ಸರ್ಕಾರಗಳ ಮೇಲೂ ಕಣ್ಣಿಡಬೇಕು. 2018ರ ನವೆಂಬರಿನಲ್ಲಿ ತಾಂಜಾನಿಯದ ಅಧ್ಯಕ್ಷರು ವ್ಯಾಪಾರಿಗಳನ್ನು ಬದಿಗೆ ಸರಿಸಿ, ಸೈನ್ಯವನ್ನು ಕಳುಹಿಸಿ ರೈತರ ಬೀಜವನ್ನೆಲ್ಲ ಸರ್ಕಾರವೇ ಕೊಳ್ಳುವಂತೆ ಮಾಡಿದರು. ಬೆನಿನ್ ದೇಶ 2024ರ ಏಪ್ರಿಲಿನಿಂದ ಕಚ್ಚಾ ಬೀಜದ ರಫ್ತನ್ನೇ ನಿಷೇಧಿಸಿತು. ತಮ್ಮ ಬೀಜವನ್ನು ತಮ್ಮಲ್ಲೇ ಒಡೆಯಬೇಕೆಂಬ ಆಸೆ ಅವರಿಗೂ ಇದೆಯಷ್ಟೆ. ನಾವು ಅವರನ್ನು ದೂರುವಂತಿಲ್ಲ.

ಈಗ ಹಡಗಿಗೆ ಏರಿಸುವ ದಿನದ ಮಾತು. ಪಶ್ಚಿಮ ಆಫ್ರಿಕದ ಬೆಳೆ ಫೆಬ್ರವರಿಯಿಂದ ಜೂನ್ ವರೆಗೆ. ಪೆಟ್ಟಿಗೆ ಹಲವು ಸಲ ನಡುವೆ ಕೊಲಂಬೊದಂಥ ಬಂದರಿನಲ್ಲಿ ಹಡಗು ಬದಲಾಯಿಸಿ ಇಲ್ಲಿಗೆ ಮುಟ್ಟಲು ಒಂದೂವರೆ ತಿಂಗಳು, ಕೆಲವೊಮ್ಮೆ ಎರಡು ತಿಂಗಳು ಹಿಡಿಯುತ್ತದೆ. ಏಪ್ರಿಲಿನ ಕೊನೆಗೆ ಹೊರಟ ಮಾಲು ಪಣಂಬೂರಿಗೆ ಬರುವುದು ಜೂನಿನ ಜಡಿಮಳೆಯಲ್ಲಿ. ಆಟಿ ತಿಂಗಳಲ್ಲಿ ಅಂಗಳದಲ್ಲಿ ಹದಿನಾರು ಟನ್ನು ಬೀಜ ಒಣಗಿಸುವ ಗಂಡು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ದೊಡ್ಡ ಕಾರ್ಖಾನೆಯವರಿಗೆ ಒಣಗಿಸುವ ಯಂತ್ರವೂ ಗೋದಾಮೂ ಇದೆ. ಸಣ್ಣವರಿಗೆ ಪತ್ತನಾಜೆ ಕಳೆದ ಮೇಲೆ ಬಂದ ಬೀಜ ಬೂಸಲಿನ ಊಟ. ಆದುದರಿಂದ ಪಶ್ಚಿಮದ ಬೀಜ ತರಿಸುವುದಾದರೆ ಮೊದಲ ಕೊಯ್ಲಿನದನ್ನು ಮಾರ್ಚಿ ಮೊದಲ ವಾರದೊಳಗೆ ಹಡಗಿಗೆ ಏರಿಸುವಂತೆ ಕರಾರು ಮಾಡಿ, ತಪ್ಪಿದರೆ ಎಲ್.ಸಿ. ರದ್ದು ಎಂದು ಬರೆಸಬೇಕು. ಇನ್ನೊಂದು ದಾರಿ ನಮಗೆ ಹೆಚ್ಚು ಮೆಚ್ಚಿಗೆಯಾದುದು. ತಾಂಜಾನಿಯ, ಮೊಜಾಂಬಿಕ್‌ಗಳ ಬೆಳೆ ಅಕ್ಟೋಬರದಿಂದ ಡಿಸೆಂಬರ ಆಸುಪಾಸಿಗೆ ಬರುತ್ತದೆ, ಸಮುದ್ರದ ಹಾದಿಯೂ ಹತ್ತಿರ. ಅದು ಇಲ್ಲಿಗೆ ಮುಟ್ಟುವುದು ಧನು, ಮಕರ ಮಾಸಗಳ ಒಣಬಿಸಿಲಿನಲ್ಲಿ, ನಮ್ಮ ಮರಗಳು ಇನ್ನೂ ಹೂ ಬಿಟ್ಟಿರುವಾಗ. ಕ್ರಯ ಸ್ವಲ್ಪ ಹೆಚ್ಚು ನಿಜ. ಸುಂಕ ಉಳಿಯುತ್ತದೆ, ಬಿಸಿಲು ಪುಕ್ಕಟೆ ಸಿಗುತ್ತದೆ.

ಬಂದರಿನಲ್ಲಿ ಗಡಿಯಾರ ನೋಡಿ ನಡೆಯಬೇಕು. ಬಿಲ್ ಆಫ್ ಎಂಟ್ರಿ ಎಂಬ ಆಮದು ಪತ್ರವನ್ನು ಹಡಗು ಬರುವ ಹಿಂದಿನ ದಿನದೊಳಗೇ ಸಲ್ಲಿಸಬೇಕೆಂದು 2021ರಲ್ಲಿ ನಿಯಮ ಮಾಡಿದ್ದಾರೆ. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆ ಮೇಲೆ ದಿನಕ್ಕೆ 10,000 ರೂಪಾಯಿ ದಂಡ. ಪೆಟ್ಟಿಗೆ ನಮ್ಮದಲ್ಲ, ಹಡಗಿನ ಕಂಪನಿಯದು. ಇಂತಿಷ್ಟು ದಿನ ಬಾಡಿಗೆಯಿಲ್ಲ, ಆ ಮೇಲೆ ದಿನಕ್ಕೆ ಇಂತಿಷ್ಟು ಡಾಲರು ಎಂದು ಅವರ ಲೆಕ್ಕ. ದಿನ ಕಳೆದಂತೆ ಆ ದರವೂ ಏರುತ್ತದೆ. ಬಂದರಿನವರ ಜಾಗದ ಬಾಡಿಗೆ ಬೇರೆ. ಬಾಡಿಗೆಯಿಲ್ಲದ ದಿನಗಳನ್ನು ಹದಿನಾಲ್ಕು ಮಾಡಿಕೊಡಿರೆಂದು ಹಡಗಿನ ಜಾಗ ಗೊತ್ತುಮಾಡುವಾಗಲೇ ಕೇಳಬೇಕು. ಆಗ ಕೇಳಿದರೆ ಕೊಡುತ್ತಾರೆ, ಆ ಮೇಲೆ ಕೇಳಿದರೆ ನಗುತ್ತಾರೆ. ಸುಂಕ, ತೆರಿಗೆ, ಬ್ರೋಕರರ ಫೀಸು, ಲಾರಿ ಬಾಡಿಗೆ ಇವಕ್ಕೆ ಬೇಕಾದ ಹಣವನ್ನು ಬೀಜದ ಹಣದಿಂದ ಪ್ರತ್ಯೇಕವಾಗಿ ಮೊದಲೇ ತೆಗೆದಿಡಿ. ಎಲ್ಲವನ್ನೂ ಎಲ್.ಸಿ.ಗೆ ಸುರಿದು, ಬಂದರಿನಲ್ಲಿ ಕೈ ಖಾಲಿಯಾಗಿ ನಿಂತವರ ಪೆಟ್ಟಿಗೆ ಬಿಸಿಲಿನಲ್ಲಿ ಬೆಂದು, ಬಾಡಿಗೆ ಬೀಜದ ಕ್ರಯವನ್ನೇ ತಿಂದುಹಾಕುತ್ತದೆ.

ಇಷ್ಟನ್ನು ಕೇಳಿ ಎದೆ ನಡುಗಿದವರಿಗೆ ಒಂದು ಸುಲಭದ ಹಾದಿಯೂ ಉಂಟು. ಮೊದಲ ವರ್ಷ ಮಂಗಳೂರಿನ ಹಳೆಯ ಆಮದುದಾರರಿಂದ ಇಪ್ಪತ್ತೈದೋ ಐವತ್ತೋ ಗೋಣಿ ಆಫ್ರಿಕದ ಬೀಜ ಕೊಂಡು, ಸೀಳಿ ನೋಡಿ, ನಿಮ್ಮ ಬಾಯ್ಲರಿನಲ್ಲಿ ಬೇಯಿಸಿ, ನಿಮ್ಮ ಹೆಂಗಸರ ಕೈಯಲ್ಲಿ ಒಡೆಸಿ ನೋಡಿ. ಆ ಬೀಜದ ಸಿಪ್ಪೆ ನಮ್ಮದಕ್ಕಿಂತ ಬೇರೆ ಹದದ್ದು, ಆವಿ ಕೊಡುವ ಹೊತ್ತು ಬದಲಾಗುತ್ತದೆ. ಇಡೀ ತಿರುಳು ಎಷ್ಟು, ಚೂರು ಎಷ್ಟು ಎಂಬ ನಿಮ್ಮದೇ ಲೆಕ್ಕ ಕೈಯಲ್ಲಿದ್ದ ಮೇಲೆ ಕಂಟೇನರಿನ ಮಾತು ಎತ್ತುವುದು ಲೇಸು.

ಪೆಟ್ಟಿಗೆ ಬಿಡುಗಡೆಯಾದ ಮೇಲೆ ಅದು ಕರ್ನಾಟಕದಿಂದ ತಲಪಾಡಿ ದಾಟಿ ಕೇರಳಕ್ಕೆ ಬರಬೇಕು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದ ಮೇಲೆ ಹಳೆಯ ತೆರಿಗೆ ಚೆಕ್‌ಪೋಸ್ಟುಗಳು ಎದ್ದುಹೋದರೂ ಲಾರಿಯಲ್ಲಿ ಈ-ವೇ ಬಿಲ್ ಇರಲೇಬೇಕು. ಅದರಲ್ಲಿ ಲಾರಿಯ ನಂಬರೂ ಇಳಿಸುವ ಸ್ಥಳವೂ ಸರಿಯಾಗಿರಲಿ. ಗಡಿಯವರಿಗೆ ಒಂದು ಅಕ್ಷರ ತಪ್ಪಿದರೂ ಆಗುವ ತೊಂದರೆ ಗೊತ್ತಿರುವುದೇ. ಊರಿನ ಒಳರಸ್ತೆಗೆ ಉದ್ದ ಲಾರಿ ತಿರುಗುತ್ತದೋ ಇಲ್ಲವೋ ಎಂದು ಮೊದಲೇ ನಡೆದು ನೋಡಿ ಬನ್ನಿ.

ತೆರೆಯುವ ದಿನ ಎಲ್ಲ ಪಾಲುದಾರರೂ ಹಾಜರಿರಬೇಕು. ತುಂಬಿದ ಲಾರಿಯನ್ನು ವೇಬ್ರಿಡ್ಜಿನಲ್ಲಿ ತೂಗಿಸಿ ಚೀಟಿ ತೆಗೆದುಕೊಳ್ಳಿ. ಮುದ್ರೆಯ ನಂಬರು ಬಿಲ್ ಆಫ್ ಲೇಡಿಂಗಿನ ನಂಬರಿಗೆ ಕೂಡುತ್ತದೆಯೇ ಎಂದು ನೋಡಿ, ಫೋಟೋ ತೆಗೆದ ಮೇಲೆ ಕತ್ತರಿಸಿ. ಮುದ್ರೆ ಕೂಡದಿದ್ದರೆ, ಅಥವಾ ತೆರೆದ ಕೂಡಲೇ ಮುಗ್ಗಿದ ವಾಸನೆ ಬಂದರೆ, ಒಂದು ಗೋಣಿಯನ್ನೂ ಮುಟ್ಟದೆ ವಿಮೆಯವರಿಗೂ ಹಡಗಿನ ಏಜೆಂಟರಿಗೂ ಆಗಲೇ ಬರಹದಲ್ಲಿ ತಿಳಿಸಿ, ಅವರ ಮನುಷ್ಯ ಬರುವವರೆಗೆ ಕಾಯಿರಿ. ಎಲ್ಲ ಸರಿಯಿದ್ದರೆ ಪ್ರತಿ ಹತ್ತನೆಯ ಗೋಣಿಯಿಂದ ಮಾದರಿ ತೆಗೆದು ಬೆರಸಿ, ಎರಡು ಕಿಲೋವನ್ನು ಚೀಲದಲ್ಲಿ ಕಟ್ಟಿ, ಎಲ್ಲರ ರುಜು ಹಾಕಿಸಿ, ದಿನಾಂಕ ಬರೆದಿಡಿ. ಉಳಿದುದನ್ನು ಅಲ್ಲಿಯೇ ಸೀಳಿ. ಕರಾರಿಗಿಂತ ಕಡಿಮೆ ಬಂದರೆ ಮಾರಿದವನಿಗೆ ತಕರಾರು ಹೇಳುವ ಅವಧಿಯನ್ನು ಕರಾರಿನಲ್ಲಿ ಕಾಣಿಸಿರುತ್ತಾರೆ. ಆ ದಿನ ದಾಟಿದರೆ ಕೇಳುವವರಿಲ್ಲ.

ಗೋಣಿಗಳನ್ನು ಇಳಿಸಿದೊಡನೆ ಪೆಟ್ಟಿಗೆಯನ್ನು ಗುಡಿಸಿ, ಹರಿದ ಕಾಗದ, ಹಗ್ಗ ಒಂದೂ ಉಳಿಯದಂತೆ ತೆಗೆದು, ಅದೇ ಲಾರಿಯಲ್ಲಿ ಕಂಪನಿಯ ಯಾರ್ಡಿಗೆ ಹಿಂದೆ ಕಳುಹಿಸಿ. ಅಲ್ಲಿ ಒಪ್ಪಿಸಿದ ರಶೀದಿಯನ್ನು ಲಾರಿ ಡ್ರೈವರನಿಂದ ಅಂದೇ ಕೇಳಿ ಪಡೆದು ಕಡತದಲ್ಲಿ ಸೇರಿಸಬೇಕು. ಆ ರಶೀದಿಯಲ್ಲಿರುವ ದಿನಾಂಕಕ್ಕೆ ಪೆಟ್ಟಿಗೆಯ ಬಾಡಿಗೆ ನಿಲ್ಲುತ್ತದೆ. ಅದು ಇಲ್ಲದೆ ಇಟ್ಟ ಠೇವಣಿ ಹಿಂದೆ ಬರುವುದಿಲ್ಲ.